ಒಂದೇ ಡ್ರಮ್ಮಿನ ಎರಡು ಎಣ್ಣೆ

ಹಳೇ ಲಾರಿಗೆ ಯಾವ ಇಂಜಿನ್ ಆಯಿಲ್ ಹಾಕಬೇಕು ಎಂದು ಗ್ಯಾರೇಜಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಕೇಳಲು ಬರುವುದಿಲ್ಲ, ಹೇಳಲು ಬರುತ್ತಾರೆ. ಮದ್ದೂರಿನಲ್ಲಿ, ಶಿವಪುರದ ಹತ್ತಿರ, ಮೂವತ್ತೆಂಟು ವರ್ಷ ಲಾರಿ ಇಂಜಿನ್ನುಗಳನ್ನು ಬಿಚ್ಚಿ ಕಟ್ಟಿದ ನನಗೆ ಇಷ್ಟು ಗೊತ್ತಾಗಲು ಇಪ್ಪತ್ತು ವರ್ಷ ಹಿಡಿಯಿತು. ಈಗ ಮೊಣಕಾಲು ಕೈಕೊಟ್ಟಿದೆ, ಗ್ಯಾರೇಜು ಬಿಟ್ಟು ಮನೆಯಲ್ಲಿ ಕೂತಿದ್ದೇನೆ. ಐಟಿಐ ಮುಗಿಸಿ ಈ ಕೆಲಸಕ್ಕೆ ಇಳಿಯುವವರು ಆಗಾಗ ಬಂದು "ಚಾಚಾ, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಹೇಳಲು ಶುರು ಮಾಡಿ ಐದು ನಿಮಿಷ ಆಗುವುದರೊಳಗೆ ಫೋನ್ ಉಜ್ಜುತ್ತಾ ಕೂರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದಿದರೆ ಓದಿ, ಬಿಟ್ಟರೆ ಬಿಡಿ. ನನ್ನ ಹೆಸರು ರಹಮತ್, ಊರಿನವರ ಬಾಯಲ್ಲಿ ಬರೀ ಸಾಬ್ರು.

ನನ್ನ ಉಸ್ತಾದರ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಒಂದೇ ಡ್ರಮ್ಮು, ಅದರಲ್ಲಿ ನಲವತ್ತು ನಂಬರಿನ ಎಣ್ಣೆ. ಲಾರಿಗೂ ಅದೇ, ಟ್ರ್ಯಾಕ್ಟರಿಗೂ ಅದೇ, ಉಸ್ತಾದರ ಮನೆ ಬಾಗಿಲು ಕಿರ್ರೆಂದರೆ ಅದಕ್ಕೂ ಅದೇ. ಉಸ್ತಾದರು ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಮೂಸಿ, ಕಣ್ಣು ಮುಚ್ಚಿ "ಚಲೇಗಾ" ಎನ್ನುತ್ತಿದ್ದರು. ಯಾವ ಎಣ್ಣೆಗೂ ಅವರು "ನಹೀ ಚಲೇಗಾ" ಎಂದಿದ್ದನ್ನು ನಾನು ಕೇಳಿಲ್ಲ. ಹಾಗಾದರೆ ಮೂಸುವುದು ಯಾಕೆ ಎಂದು ಒಂದು ಸಲ ಕೇಳಿ ಸ್ಪ್ಯಾನರಿನಲ್ಲಿ ಏಟು ತಿಂದಿದ್ದೇನೆ.

ಆಮೇಲೆ ಎರಡೆರಡು ಅಂಕಿಯ ಎಣ್ಣೆಗಳು ಬಂದವು. ಡಬ್ಬದ ಮೇಲೆ ಹದಿನೈದು ಎಂದು ಬರೆದು, ಪಕ್ಕದಲ್ಲಿ ಡಬ್ಲ್ಯೂ ಹಾಕಿ, ಆಮೇಲೆ ನಲವತ್ತು ಎಂದು ಬರೆದಿರುತ್ತದಲ್ಲ, ಅದು. ಮೊದಲ ಗಿರಾಕಿ "ಏನ್ ಸಾಬ್ರೆ ಇದು, ಹದಿನೈದಾ ನಲವತ್ತಾ?" ಎಂದು ಕೇಳಿದ. ಗೊತ್ತಿಲ್ಲ ಎನ್ನಲು ನಾಲಿಗೆ ಬರಲಿಲ್ಲ. ಎರಡನ್ನೂ ಕೂಡಿ, ಎರಡರಿಂದ ಭಾಗಿಸಿ, "ಇಪ್ಪತ್ತೇಳೂವರೆ" ಎಂದೆ. ಆತ ತಲೆಯಾಡಿಸಿಕೊಂಡು ಹೋದ. ಮೂರು ವರ್ಷ ನಾನು ಈ ಇಪ್ಪತ್ತೇಳೂವರೆಯನ್ನು ಮದ್ದೂರು ತಾಲ್ಲೂಕಿಗೆಲ್ಲ ಹಂಚಿದೆ. ನಿಡಘಟ್ಟದ ಒಬ್ಬ ಡ್ರೈವರು ಮಂಡ್ಯದ ಅಂಗಡಿಯಲ್ಲಿ "ಇಪ್ಪತ್ತೇಳೂವರೆ ಕೊಡಿ" ಎಂದು ಜಗಳ ತೆಗೆದನಂತೆ. ಅಂಗಡಿಯವನು ನನ್ನ ಹೆಸರು ಕೇಳಿಕೊಂಡು ಗ್ಯಾರೇಜಿಗೇ ಬಂದು, ಎದುರು ಕೂತು ಬಿಡಿಸಿ ಹೇಳಿದ. ಮೊದಲ ಅಂಕಿ ಎಣ್ಣೆ ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಇಂಜಿನ್ ಕಾದ ಮೇಲೆ ಎಷ್ಟು ದಪ್ಪ ಉಳಿದಿರುತ್ತದೆ ಎಂಬುದಕ್ಕೆ. ನಾಚಿಕೆಯಾಯಿತು. ಆದರೆ ಆ ನಾಚಿಕೆಯಿಂದ ನಾನು ಪೂರ್ತಿ ಪಾಠ ಕಲಿಯಲಿಲ್ಲ ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಬೆಳಕವಾಡಿಯ ಅಣ್ಣ ತಮ್ಮಂದಿರ ಲಾರಿಯ ವಿಷಯಕ್ಕೆ ಬರುತ್ತೇನೆ. ನನ್ನ ಕಸುಬಿನಲ್ಲಿ ನಾನು ಕಲಿತದ್ದೆಲ್ಲ ಆ ಒಂದು ಲಾರಿಯಲ್ಲಿದೆ.

ಅಣ್ಣ ಮರೀಗೌಡರದು ಆಲೆಮನೆ. ಕೊಪ್ಪರಿಗೆಯ ಮುಂದೆ ನಿಂತು, ಕುದಿಯುವ ಪಾಕವನ್ನು ಬೆರಳಲ್ಲಿ ತೆಗೆದು, ಎಳೆ ನೋಡಿ, "ಇಳುಸ್ರಲಾ" ಎಂದರೆ ಆ ಕ್ಷಣಕ್ಕೆ ಇಳಿಸಬೇಕು. ಅವರ ಬೆಲ್ಲ ಎಂದೂ ಕೆಟ್ಟಿದ್ದಿಲ್ಲ. ತಮ್ಮ ಶಿವಲಿಂಗೇಗೌಡ ಊರಿನ ಹಾಲಿನ ಡೇರಿಯ ಸೆಕ್ರೆಟ್ರಿ. ಲ್ಯಾಕ್ಟೋಮೀಟರನ್ನು ಪೆನ್ನಿನ ಹಾಗೆ ಜೇಬಿನಲ್ಲಿ ಸಿಕ್ಕಿಸಿಕೊಂಡು ಓಡಾಡುವ ಮನುಷ್ಯ. ಹೆಂಡತಿ ಕೊಟ್ಟ ಮಜ್ಜಿಗೆಗೂ ಅದನ್ನು ಇಳಿಬಿಟ್ಟು ಬೈಸಿಕೊಂಡವನು.

ಆಸ್ತಿ ಭಾಗವಾದಾಗ ಇವರಪ್ಪ ಬಿಟ್ಟುಹೋದ ಲಾರಿಯನ್ನು ಕತ್ತರಿಸಲು ಆಗಲಿಲ್ಲ. ಪಂಚಾಯಿತಿಯವರು ವರ್ಷವನ್ನೇ ಕತ್ತರಿಸಿದರು. ಯುಗಾದಿಯಿಂದ ದೀಪಾವಳಿವರೆಗೆ ತಮ್ಮನಿಗೆ, ದೀಪಾವಳಿಯಿಂದ ಯುಗಾದಿವರೆಗೆ ಅಣ್ಣನಿಗೆ. ಅಧಿಕ ಮಾಸ ಬಂದ ವರ್ಷ ಆ ತಿಂಗಳು ಯಾರದು ಎಂದು ಮತ್ತೊಂದು ಪಂಚಾಯಿತಿ ಕೂತು, ಕೊನೆಗೆ ಒಂದು ತಿಂಗಳು ಲಾರಿ ಹುಣಸೇಮರದ ಕೆಳಗೆ ಸುಮ್ಮನೆ ನಿಂತಿತ್ತು. ಪಾಲುಪಟ್ಟಿಯಲ್ಲಿ ಇನ್ನೂ ಎರಡು ಮಾತು ಬರೆಸಿದ್ದರು. ಇಬ್ಬರೂ ಬಾಯಿಬಿಟ್ಟು ಒಪ್ಪಿದರೆ ಮಾತ್ರ ಲಾರಿ ಮಾರಬಹುದು. ಇಂಜಿನ್ ಕೈಕೊಟ್ಟರೆ ಹೊಸ ಇಂಜಿನ್ ಹಾಕಿಸುವಂತಿಲ್ಲ, ನೇರ ಗುಜರಿಗೆ.

ಭಾಗವಾದ ದಿನದಿಂದ ಅಣ್ಣ ತಮ್ಮ ಮಾತು ಬಿಟ್ಟರು. ಹನ್ನೊಂದು ವರ್ಷ.

ಇವರಿಬ್ಬರ ನಡುವೆ ಸಿಕ್ಕಿಕೊಂಡವನು ಡ್ರೈವರ್ ಜವರಾಯಿ. ಅಪ್ಪನ ಕಾಲದಿಂದ ಆ ಲಾರಿ ಓಡಿಸಿಕೊಂಡು ಬಂದವನು. ಪಾಲುಪಟ್ಟಿಯಲ್ಲಿ "ಲಾರಿ, ಸ್ಟೆಪ್ನಿ, ಜಾಕಿ, ಡ್ರೈವರ್ ಜವರಾಯಿ" ಎಂದು ಅವನನ್ನೂ ಸಾಮಾನಿನ ಸಾಲಿನಲ್ಲೇ ಬರೆದಿದ್ದರು. ಐದು ತಿಂಗಳು ಅಣ್ಣನ ಆಳು, ಏಳು ತಿಂಗಳು ತಮ್ಮನ ಆಳು. ಲಾರಿ ಹಸ್ತಾಂತರದ ದಿನ ಅಣ್ಣ ತಮ್ಮ ಇಬ್ಬರೂ ನನ್ನ ಗ್ಯಾರೇಜಿಗೆ ಬರುತ್ತಿದ್ದರು. ಹತ್ತು ಮಾರು ದೂರದಲ್ಲಿ ನಿಂತು ಜವರಾಯಿಯ ಮೂಲಕ ಮಾತಾಡುತ್ತಿದ್ದರು.

"ಜವರಾಯಿ, ಇಂದ್ಲ ಟೈರು ಸವ್ದದೆ, ಯಾವೋನು ಸವೆಸ್ದ ಕೇಳ್ಲಾ."

"ಚಿಕ್ಕಗೌಡ್ರೆ, ಟೈರು ಯಾವೋನು ಸವೆಸ್ದ ಅಂತವ್ರೆ."

"ಕಬ್ಬು ತುಂಬ್ದೋನು ಸವೆಸ್ದ ಅಂತ ಯೋಳ್ಲಾ."

"ದೊಡ್ಡಗೌಡ್ರೆ, ನೀವೇ ಅಂತೆ."

ಇಬ್ಬರಿಗೂ ಇಬ್ಬರ ಮಾತೂ ಕೇಳಿಸುತ್ತಿತ್ತು. ಆದರೂ ಜವರಾಯಿ ಬಾಯಿಂದ ಬರುವವರೆಗೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ.

ಟೈರಿಗೆ ಇಷ್ಟಾದರೆ ಎಣ್ಣೆಗೆ ಎಷ್ಟಾಗಬೇಡ! ಒಬ್ಬನ ಎಣ್ಣೆಯಲ್ಲಿ ಇನ್ನೊಬ್ಬ ಲಾರಿ ಓಡಿಸುವುದುಂಟೇ? ವರ್ಷಕ್ಕೆರಡು ಸಲ, ಎಣ್ಣೆ ಚೆನ್ನಾಗಿದ್ದರೂ ಇಳಿಸಿ, ಹೊಸದು ತುಂಬಬೇಕು. ಅದರ ಮೇಲೆ ಒಬ್ಬೊಬ್ಬರಿಗೂ ಮನೆಗೆ ಒಂದೊಂದು ಕ್ಯಾನು, ಕಡಿಮೆಯಾದಾಗ ಹಾಕಿಕೊಳ್ಳಲು. ಇದು ಇಂಜಿನ್ನಿಗೆ ಒಳ್ಳೆಯದೇ ಎಂದುಕೊಂಡು ನಾನು ಸುಮ್ಮನಿದ್ದೆ.

ಮೊದಲ ಸಲ ಶಿವಲಿಂಗೇಗೌಡ ಬಂದಾಗ ಒಂದು ಲೋಟ ಎಣ್ಣೆ ಕೇಳಿ, ಜೇಬಿನಿಂದ ಲ್ಯಾಕ್ಟೋಮೀಟರ್ ತೆಗೆದು ಇಳಿಬಿಟ್ಟ. ಹಾಲಿನಲ್ಲಿ ತೇಲುವ ಲ್ಯಾಕ್ಟೋಮೀಟರು ಎಣ್ಣೆಯಲ್ಲಿ ಟಣ್ ಎಂದು ತಳ ಮುಟ್ಟಿತು. ಆತನ ಮುಖ ಕೆಂಪಾಯಿತು.

"ಏನ್ ಸಾಬ್ರೆ! ನಿಮ್ಮುನ್ನ ದೊಡ್ ಮನ್ಸ ಅನ್ಕಂಡಿದ್ನಲ್ಲ! ಎಣ್ಣೆಗೆ ನೀರ್ ಉಯ್ದಿದ್ದೀರಿ!"

"ಅಯ್ಯೋ ಸೆಕ್ರೆಟ್ರಿಗಳೇ, ಎಣ್ಣೇನೇ ನೀರಿಗಿಂತ ಅಗುರ, ಅದ್ಕೇ ಮುಳುಗ್ತದೆ. ಆಲಿನ ಲೆಕ್ಕ ಇಲ್ಲಿ ನಡೆಯಕ್ಕಿಲ್ಲ."

"ಮುಳುಗುದ್ರೆ ನೀರು. ನಲವತ್ತ್ ಜನದ್ ಆಲ್ ನೋಡ್ತೀನಿ ದಿನಾ, ನಂಗೇ ಯೋಳ್ತೀರಾ?"

ನನಗೆ ರೇಗಿತು. ಕಾದ ತಗಡಿನ ಮೇಲೆ ಎರಡು ಹನಿ ಎಣ್ಣೆ ಬಿಟ್ಟು ತೋರಿಸಿದೆ. ನೀರಿದ್ದರೆ ಚಟಚಟ ಸಿಡಿಯಬೇಕು. ಸಿಡಿಯಲಿಲ್ಲ. ಹತ್ತು ಡಬ್ಬ ಒಡೆಸಿ ಹತ್ತರಲ್ಲೂ ಲ್ಯಾಕ್ಟೋಮೀಟರ್ ಮುಳುಗಿಸಿದ ಮೇಲೆ, ಈ ದೇಶದಲ್ಲಿ ಎಲ್ಲ ಕಂಪನಿಯವರೂ ನೀರು ಬೆರೆಸುವಾಗ ಸಾಬರೊಬ್ಬರನ್ನು ಬೈದು ಫಲವಿಲ್ಲ ಎಂದು ತೀರ್ಮಾನಿಸಿ ಹೋದ. ನನ್ನ ಮರ್ಯಾದೆ ಉಳಿಯಿತೋ ಹೋಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮರೀಗೌಡರದು ಬೇರೆ ರೀತಿ. ಎಣ್ಣೆಯಲ್ಲಿ ಬೆರಳದ್ದಿ, ಬೆರಳು ಅಗಲಿಸಿ, ಎಳೆ ಬರುತ್ತದೋ ಇಲ್ಲವೋ ನೋಡುವುದು. ಬರದಿದ್ದರೆ "ಪಾಕ ಬಂದಿಲ್ಲ" ಎನ್ನುವುದು. "ಇದುನ್ನ ಇನ್ನೊಂದ್ ಗಂಟೆ ಕುದುಸ್ಬೇಕಿತ್ತು ಕಣ್ ಸಾಬ್ರೆ, ಕಂಪ್ನಿಯೋರು ಅವಸರಕ್ಕೆ ಇಳ್ಸವ್ರೆ."

ಇಷ್ಟಕ್ಕೇ ನಿಂತಿದ್ದರೆ ನಗುವ ವಿಷಯ. ಆದರೆ ವರ್ಷಾ ವರ್ಷಾ ಇಬ್ಬರ ಬೇಡಿಕೆಯೂ ಬೆಳೆಯಿತು. ಮರೀಗೌಡರು ಮನೆಯ ಕ್ಯಾನನ್ನು ನೋಡಿ ನೋಡಿ, "ನೀರ್ನೀರಾಗದೆ, ಗಟ್ಟಿ ಕೊಡಿ" ಎನ್ನುತ್ತಿದ್ದರು. ಹದಿನೈದು ನಲವತ್ತರಿಂದ ಇಪ್ಪತ್ತು ಐವತ್ತಕ್ಕೆ ಬಂದರು. ಅದೂ ಸಾಲದೆ, ಅದಕ್ಕೆ ಗೇರ್ ಬಾಕ್ಸಿಗೆ ಹಾಕುವ ದಪ್ಪನೆಯ ಗೇರ್ ಎಣ್ಣೆ ಬೆರೆಸಿಕೊಡಿ ಎಂದರು. ತಮ್ಮ ತದ್ವಿರುದ್ಧ. "ಅಂಟ್ ಅಂಟಾದ್ ಕೊಟ್ಟು ಲಾರಿ ಸಾಯುಸ್ತಾ ಇದ್ದೀರಿ, ತೆಳ್ಳುಗ್ ಕೊಡಿ" ಎಂದು, ಹೊಸ ಕಾರಿಗೆ ಹಾಕುವ ಹತ್ತು ಮೂವತ್ತಕ್ಕೆ ಇಳಿದ.

ನಾನೇನು ಮಾಡಿದೆ? ಕೇಳಿದ್ದನ್ನು ಕೊಟ್ಟೆ. ಇದೇ ನನ್ನ ದೊಡ್ಡ ತಪ್ಪು, ನಿಮಗೆ ಇದನ್ನು ಹೇಳಲೆಂದೇ ಇಷ್ಟು ಬರೆಯುತ್ತಿದ್ದೇನೆ. ನಾನು ಗಿರಾಕಿಗೆ ಬೇಕಾದ ಎಣ್ಣೆ ಹಾಕಿದೆ, ಇಂಜಿನ್ನಿಗೆ ಏನು ಬೇಕು ಎಂದು ಕೇಳಲಿಲ್ಲ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿ, ಮೀಟರೇ ಸತ್ತುಹೋದ ಇಂಜಿನ್ನು ಅದು. ಅಣ್ಣನ ಐದು ತಿಂಗಳು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಟ್ಟಿ ಎಣ್ಣೆ ಮೇಲಕ್ಕೆ ಏರುವುದೇ ತಡವಾಗಿ, ತಲೆಭಾಗದಲ್ಲಿ ಒಣ ಕಬ್ಬಿಣ ಒಣ ಕಬ್ಬಿಣಕ್ಕೆ ಬಡಿಯುತ್ತಿತ್ತು. ತಮ್ಮನ ಏಳು ತಿಂಗಳು, ಇಂಜಿನ್ ಕಾದ ಮೇಲೆ ತೆಳ್ಳನೆಯ ಎಣ್ಣೆ ಸವೆದ ಬೇರಿಂಗುಗಳ ಸಂದಿಯಲ್ಲಿ ಸೋರಿ, ಒತ್ತಡವೇ ನಿಲ್ಲುತ್ತಿರಲಿಲ್ಲ.

ಒಂದು ದಿನ ಜವರಾಯಿ ಒಬ್ಬನೇ ಲಾರಿ ತಂದು ನಿಲ್ಲಿಸಿದ. ಇಳಿಯಲಿಲ್ಲ. ನನ್ನನ್ನೇ ಮೇಲಕ್ಕೆ ಕರೆದ. ಮುಂದಿನ ಮೀಟರುಗಳ ಜಾಗದಲ್ಲಿ ಮಾದಪ್ಪ ದೇವರ ಸಣ್ಣ ಸ್ಟಿಕ್ಕರ್ ಅಂಟಿಸಿತ್ತು. ಅದರ ಹಿಂದೆ ಕೆಂಪು ಬೆಳಕು.

"ಆಯಿಲ್ ಲೈಟು ಕಣಣ್ಣ. ಬತ್ತದೆ ಅಂದುದ್ಕೆ ಚಿಕ್ಕಗೌಡ್ರು ಮಾದಪ್ಪನ್ನ ಅಂಟುಸ್ಬುಟ್ರು, ಅವ್ನೇ ನೋಡ್ಕತಾನೆ ಅಂತ. ಮೂರ್ ದಿನ ಆಯ್ತು, ಮಾದಪ್ಪ ಉರೀತಾನೇ ಅವ್ನೆ."

"ಮೂರ್ ದಿನದಿಂದ ಓಡಿಸ್ತಾ ಇದ್ಯಾ? ಬುದ್ಧಿ ಇಲ್ವೇನಯ್ಯ?"

"ಗೌಡ್ರು ಓಡ್ಸು ಅಂದ್ರೆ ಏನ್ ಮಾಡ್ಲಣ್ಣ?" ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಹೇಳಿದ. "ಈ ಇಂಜಿನ್ ಓದ್ರೆ ಇವ್ರು ಗುಜರಿಗ್ ಆಕಿ ತಲೆಗರ್ಧ ಅಂಚ್ಕತರೆ. ನನ್ನ ಯಾವೋನ್ ಅಂಚ್ಕತನಣ್ಣ? ಐವತ್ತೆಂಟಾಯ್ತು. ಈಗ್ನೋರು ಫೋನಲ್ಲಿ ದಾರಿ ನೋಡ್ಕಂಡ್ ಓಗ್ಬೇಕು ಅಂತರೆ, ನಂಗೆ ಅಸ್ರು ಬಟನ್ನು ಕೆಂಪು ಬಟನ್ನು ಬುಟ್ರೆ ಗೊತ್ತಿಲ್ಲ. ಈ ಲಾರಿ ಬುಟ್ರೆ ನಂಗ್ ಯಾರೂ ಸ್ಟೇರಿಂಗ್ ಕೊಡಕ್ಕಿಲ್ಲ. ಎಂಗಾರ ಮಾಡಿ ಉಳುಸ್ಕೊಡಿ."

ಗೇರ್ ಎಣ್ಣೆ ಬೆರೆಸಿಕೊಟ್ಟವನು ನಾನು. ಕಾರಿನ ಎಣ್ಣೆ ಸುರಿದವನೂ ನಾನು. ಕೂತು ತಿನ್ನುವ ಗೌಡರ ಜಗಳದಲ್ಲಿ ಈ ಮನುಷ್ಯನ ಅನ್ನಕ್ಕೆ ಕಲ್ಲು ಹಾಕುತ್ತಿದ್ದವನು ನಾನೇ ಅಲ್ಲವೇ ಎನ್ನಿಸಿತು.

ಅವತ್ತೇ ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಸಂಪು ಇಳಿಸಿದೆ. ಬೇರಿಂಗುಗಳಲ್ಲಿ ಮೇಲಿನ ಬಿಳಿ ಲೋಹದ ಪದರ ಸವೆದು ಅಡಿಯ ತಾಮ್ರ ಕಾಣುತ್ತಿತ್ತು. ಇನ್ನು ಒಂದು ವಾರ ಮಾದಪ್ಪನ ಮೇಲೆ ಭಾರ ಹಾಕಿದ್ದರೆ ಇಂಜಿನ್ ಜಾಮ್ ಆಗುತ್ತಿತ್ತು. ಬೇರಿಂಗು ಬದಲಾಯಿಸಿ, ಎಣ್ಣೆಯ ಪಂಪು ಸರಿಮಾಡಿ, ಆ ಲೈಟನ್ನು ನಂಬದೆ ಮುಳ್ಳಿರುವ ಒತ್ತಡದ ಮೀಟರನ್ನೇ ಕೂರಿಸಿದೆ. ಮೊದಲು ಹದಿನೈದು ನಲವತ್ತು ತುಂಬಿ, ಲೋಡಿನ ಜೊತೆ ನಿಡಘಟ್ಟದವರೆಗೆ ಹೋಗಿ ಬಂದೆವು. ಚೆನ್ನಾಗಿ ಕಾದ ಇಂಜಿನ್ ನಿಂತಲ್ಲೇ ಗುಡುಗುಡು ಎನ್ನುವಾಗ ಮುಳ್ಳು ನೋಡಿದರೆ ತೀರಾ ಕೆಳಗೆ. ಆಮೇಲೆ ಇಪ್ಪತ್ತು ಐವತ್ತು ತುಂಬಿ ಅದೇ ದಾರಿ ಹೋಗಿ ಬಂದೆವು. ಮುಳ್ಳು ಗಟ್ಟಿಯಾಗಿ ನಿಂತಿತು. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಎರಡು ಎಣಿಸುವುದರೊಳಗೆ ಒತ್ತಡ ಏರಿತು. ಅಲ್ಲಿಗೆ ಮುಗಿಯಿತು ಲೆಕ್ಕ. ಕಾದಾಗ ಒತ್ತಡ ಹಿಡಿದು ನಿಲ್ಲಿಸುವ ಎಣ್ಣೆಗಳಲ್ಲಿ ಎಲ್ಲಕ್ಕಿಂತ ತೆಳ್ಳಗಿನದು ಯಾವುದೋ ಅದು ಆ ಇಂಜಿನ್ನಿನ ಎಣ್ಣೆ. ಅದಕ್ಕಿಂತ ಗಟ್ಟಿ ಹಾಕಿದರೆ ಹೊಗೆಯನ್ನೂ ಸದ್ದನ್ನೂ ನಾಲ್ಕು ದಿನ ಮುಚ್ಚಿಡಬಹುದು, ಸವೆದ ಕಬ್ಬಿಣ ಬೆಳೆಯುವುದಿಲ್ಲ.

ಇಂಜಿನ್ ಒಪ್ಪಿತು. ಗೌಡರನ್ನು ಒಪ್ಪಿಸುವುದು ಹೇಗೆ?

ಇಲ್ಲಿ ನನ್ನ ಇನ್ನೊಂದು ಎಡವಟ್ಟೇ ಕೈಹಿಡಿಯಿತು. ಮನೆಯ ಕ್ಯಾನುಗಳನ್ನು ಜವರಾಯಿ ತುಂಬಿಸಿಕೊಂಡು ಹೋಗಲು ಬಂದ ದಿನ ನನ್ನ ಹತ್ತಿರ ತೆಳು ಎಣ್ಣೆ ಮುಗಿದಿತ್ತು. ಯಾವುದೋ ಯೋಚನೆಯಲ್ಲಿದ್ದವನು ಇಪ್ಪತ್ತು ಐವತ್ತರ ಡ್ರಮ್ಮಿನಿಂದಲೇ ಎರಡೂ ಕ್ಯಾನು ತುಂಬಿಬಿಟ್ಟೆ. ನಾಲ್ಕು ದಿನದ ಮೇಲೆ ಎರಡು ಫೋನು ಬಂದವು.

ಮರೀಗೌಡರು: "ಏನ್ ಸಾಬ್ರೆ, ಎಣ್ಣೆ ಕೊಟ್ಟಿದ್ದೀರಾ, ಕಬ್ಬಿನ ಆಲ್ ಕೊಟ್ಟಿದ್ದೀರಾ? ಬೆರಳ್ಮೇಲೆ ನಿಲ್ಲಕ್ಕೇ ಇಲ್ಲ."

ಶಿವಲಿಂಗೇಗೌಡ: "ಸಾಬ್ರೆ, ಇದೇನ್ ಎಣ್ಣೆಯಾ, ಗಿಣ್ಣಾ? ಲ್ಯಾಕ್ಟೋಮೀಟ್ರು ಮುಳುಗ್ದೆ ಮದ್ದೇಲೇ ನಿಂತ್ಕಂಡದೆ!"

ಒಂದೇ ಡ್ರಮ್ಮು, ಒಂದೇ ನಲ್ಲಿ, ಒಂದೇ ದಿನ ತುಂಬಿದ್ದು. ನನಗೆ ತಲೆ ಕೆಟ್ಟುಹೋಯಿತು. ಬಸ್ಸು ಹತ್ತಿ ಮಳವಳ್ಳಿ, ಅಲ್ಲಿಂದ ಬೆಳಕವಾಡಿ.

ಮೊದಲು ಆಲೆಮನೆಗೆ ಹೋದೆ. ಮರೀಗೌಡರು ಎಣ್ಣೆಯ ಕ್ಯಾನನ್ನು ಉರಿಯುವ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದರು. ಮುಟ್ಟಿದರೆ ಕೈ ಸುಟ್ಟಿತು. "ಇಲ್ಲಿ ಯಾಕ್ ಇಟ್ಟಿದ್ದೀರಿ ಗೌಡ್ರೆ?" ಎಂದೆ.

"ತ್ಯಾವದಲ್ ಮಡುಗುದ್ರೆ ಬೆಲ್ಲ ನೀರೊಡೆಯಕ್ಕಿಲ್ವಾ ಸಾಬ್ರೆ? ಬೆಚ್ಗಿರ್ಲಿ ಅಂತ ಮಡುಗಿವ್ನಿ. ಆದ್ರೂ ನೋಡಿ, ನಿಮ್ಮೆಣ್ಣೆ ನೀರೊಡ್ದದೆ."

ಅಲ್ಲಿಂದ ಡೇರಿಗೆ ಹೋದೆ. ಶಿವಲಿಂಗೇಗೌಡ ಹಾಲಿನ ಸ್ಯಾಂಪಲ್ ಇಡುವ ಫ್ರಿಜ್ಜಿನ ಬಾಗಿಲು ತೆಗೆದ. ಬಾಟಲಿಗಳ ಹಿಂದೆ, ಮೈಮೇಲೆಲ್ಲ ತಣ್ಣನೆಯ ಹನಿ ಕಟ್ಟಿಕೊಂಡು, ನನ್ನ ಎಣ್ಣೆಯ ಕ್ಯಾನು ಕೂತಿತ್ತು.

"ಫ್ರಿಜ್ಜಲ್ಲಿ ಯಾಕಪ್ಪ?"

"ಆಚೆ ಮಡುಗುದ್ರೆ ಒಡ್ದೋಗಲ್ವಾ ಸಾಬ್ರೆ?" ಎಂದು ನನ್ನನ್ನೇ ದಡ್ಡನನ್ನು ನೋಡುವಂತೆ ನೋಡಿದ.

ನಾನು ಡೇರಿಯ ಮೆಟ್ಟಿಲ ಮೇಲೆ ಕೂತು ನಕ್ಕೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಒಬ್ಬರು ಎಣ್ಣೆಯನ್ನು ಬೆಲ್ಲದ ಹಾಗೆ ಬೆಚ್ಚಗಿಟ್ಟು ತೆಳ್ಳಗಾಯಿತು ಎನ್ನುತ್ತಾರೆ. ಇನ್ನೊಬ್ಬ ಹಾಲಿನ ಹಾಗೆ ತಣ್ಣಗಿಟ್ಟು ಗಟ್ಟಿಯಾಯಿತು ಎನ್ನುತ್ತಾನೆ. ಬಿಸಿಯಲ್ಲಿ ಎಣ್ಣೆ ನೀರಾಗುತ್ತದೆ, ತಣ್ಣಗಾದರೆ ದಪ್ಪವಾಗುತ್ತದೆ. ಡಬ್ಬದ ಮೇಲಿನ ಆ ಎರಡು ಅಂಕಿ ಹೇಳುವುದೂ ಇದನ್ನೇ ತಾನೇ! ಅದು ನನ್ನ ಕಣ್ಣಿಗೆ ಕಂಡದ್ದು ಒಂದು ಒಲೆ ಮತ್ತು ಒಂದು ಫ್ರಿಜ್ಜು ನೋಡಿದ ಮೇಲೆ. ತಮಾಷೆಯೆಂದರೆ, ಎಣ್ಣೆಯಲ್ಲಿ ಗುಂಡು ಬಿಟ್ಟು ಅದು ಎಷ್ಟು ಹೊತ್ತಿಗೆ ತಳ ಮುಟ್ಟುತ್ತದೆ ಎಂದು ನೋಡಿ ದಪ್ಪ ಅಳೆಯುವ ವಿಧಾನ ನಿಜವಾಗಿಯೂ ಇದೆಯಂತೆ. ಆಮೇಲೆ ಯಾರೋ ಇಂಜಿನಿಯರ್ ಹೇಳಿದರು. ಶಿವಲಿಂಗೇಗೌಡ ಗೊತ್ತಿಲ್ಲದೆ ವಿಜ್ಞಾನಿಯಾಗಿದ್ದ.

ಇದನ್ನು ಅಲ್ಲೇ ಬಿಡಿಸಿ ಹೇಳಬೇಕೆಂದಿದ್ದೆ. ಡೇರಿಯ ಮುಂದೆ ಲಾರಿ ನಿಲ್ಲಿಸಿಕೊಂಡಿದ್ದ ಜವರಾಯಿ ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಬ್ಯಾಡ ಅಣ್ಣ. ಇವ್ರುಗೆ ಒಂದೇ ಎಣ್ಣೆ ಅಂದ್ರೆ ಇಬ್ರೂ ಬ್ಯಾಡ ಅಂತರೆ. ಅವ್ನ್ ಎಣ್ಣೆ ನಂಗ್ಯಾಕೆ ಅಂತ ಇವ್ನು, ಇವ್ನ್ ಎಣ್ಣೆ ನಂಗ್ಯಾಕೆ ಅಂತ ಅವ್ನು. ಬ್ಯಾರೆ ಏನಾರ ಮಾಡಿ."

ಬೇರೆ ಏನಾದರೂ ಮಾಡಿದೆವು. ಎರಡು ಕ್ಯಾನು ತಂದು, ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ನೀಲಿ ಮುಚ್ಚಳ ಹಾಕಿದೆ. ಎರಡನ್ನೂ ಇಪ್ಪತ್ತು ಐವತ್ತರ ಡ್ರಮ್ಮಿನಿಂದಲೇ ತುಂಬಿದೆ. ಇನ್ನು ಮುಂದೆ ಕ್ಯಾನು ಮನೆಯಲ್ಲಿಡಬಾರದು, ಜವರಾಯಿಯ ಸೀಟಿನ ಹಿಂದೆಯೇ ಇರಬೇಕು ಎಂದು ಅಪ್ಪಣೆ ಮಾಡಿದೆ. ದೀಪಾವಳಿಗೆ ಮರೀಗೌಡರನ್ನು ಬೆಳಿಗ್ಗೆ ಆರಕ್ಕೇ ಗ್ಯಾರೇಜಿಗೆ ಕರೆಸುವುದು. ಚಳಿಯಲ್ಲಿ ರಾತ್ರಿಯೆಲ್ಲ ಬೇಕೆಂದೇ ಅಂಗಳದಲ್ಲಿಟ್ಟಿದ್ದ ಕೆಂಪು ಕ್ಯಾನಿನಲ್ಲಿ ಅವರು ಬೆರಳದ್ದಿ, "ಆಹಾ! ಈಗ ಬಂತು ನೋಡಿ ಪಾಕ" ಎನ್ನುವುದು. ಯುಗಾದಿಗೆ ಶಿವಲಿಂಗೇಗೌಡನನ್ನು ಮಟಮಟ ಮಧ್ಯಾಹ್ನ ಕರೆಸುವುದು. ತಗಡಿನ ಸೂರಿನ ಮೇಲೆ ಬಿಸಿಲಲ್ಲಿ ಕಾದ ನೀಲಿ ಕ್ಯಾನಿನಲ್ಲಿ ಲ್ಯಾಕ್ಟೋಮೀಟರ್ ಟಣ್ ಎನ್ನುವುದು, ಅವನು "ನೀರ್ ಇದ್ರೂ ಪರ್ವಾಗಿಲ್ಲ, ತೆಳ್ಳಗದೆ" ಎಂದು ತೃಪ್ತಿ ಪಡುವುದು. ಹೊತ್ತು ಗೊತ್ತು ನೋಡಿ ಎಣ್ಣೆ ತೋರಿಸುವ ಮೆಕ್ಯಾನಿಕ್ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇದ್ದಿರಬೇಕು.

ಆರು ವರ್ಷ ಹೀಗೇ ನಡೆಯಿತು. ಇಂಜಿನ್ ಕಲ್ಲಿನ ಹಾಗೆ ಗಟ್ಟಿಯಾಗಿ ಓಡಿತು. ಎಫ್‌ಸಿ ಮಾಡಿಸಲು ಹೋದಾಗ ಹೊಗೆ ನೋಡುವವರು, ಹಳೇ ಲಾರಿಗೆ ಇಷ್ಟು ಕಡಿಮೆ ಹೊಗೆಯಾ ಎಂದು, ಎರಡು ಸಲ ಮೀಟರ್ ತಟ್ಟಿ ನೋಡಿದರಂತೆ. ಜವರಾಯಿಯ ಮುಖದಲ್ಲಿ ರಕ್ತ ತಿರುಗಿತು.

ಹಾಗಾದರೆ ಯಾಕೆ ಬಾಯಿಬಿಟ್ಟೆ? ಗ್ಯಾರೇಜು ಬಿಡುವ ಕಾಲ ಬಂತು. ಹೊಸದಾಗಿ ಬರುವ ಮೆಕ್ಯಾನಿಕ್ಕು ಮತ್ತೆ ಕೇಳಿದ್ದನ್ನು ಕೊಡುತ್ತಾನೆ, ಮತ್ತೆ ಗೇರ್ ಎಣ್ಣೆ, ಮತ್ತೆ ಕಾರಿನ ಎಣ್ಣೆ, ಇಂಜಿನ್ ಸಾಯುತ್ತದೆ ಎಂಬ ಹೆದರಿಕೆ ಒಂದು. ಇನ್ನೊಂದು, ಸುಳ್ಳು ಹೇಳಿಕೊಂಡು ಕಸುಬು ಮುಗಿಸಬಾರದು ಎಂಬ ಹುಚ್ಚು. ಜವರಾಯಿ "ಬ್ಯಾಡ ಅಣ್ಣ, ಯೋಳ್ಬೇಡಿ" ಎಂದು ಎರಡು ಸಲ ಬಂದು ಕೈಮುಗಿದ. ನಾನು ಕೇಳಲಿಲ್ಲ. ನಿಜ ಹೇಳಿದರೆ ಏನು ಕೆಟ್ಟದ್ದಾಗುತ್ತದೆ ಎಂದೆ.

ಆ ದೀಪಾವಳಿಗೆ ಅಣ್ಣ ತಮ್ಮ ಇಬ್ಬರನ್ನೂ ಹನ್ನೊಂದು ಗಂಟೆಗೆ ಒಟ್ಟಿಗೆ ಕರೆಸಿದೆ. ಹತ್ತು ಮಾರು ದೂರದಲ್ಲಿ ನಿಂತರು. ಅವರ ಕಣ್ಣೆದುರೇ ಡ್ರಮ್ಮಿನ ನಲ್ಲಿ ತಿರುಗಿಸಿ ಎರಡು ಗಾಜಿನ ಲೋಟಕ್ಕೆ ಎಣ್ಣೆ ಬಗ್ಗಿಸಿದೆ. ಆರು ವರ್ಷದಿಂದ ಕೆಂಪು ಕ್ಯಾನಿನಲ್ಲೂ ನೀಲಿ ಕ್ಯಾನಿನಲ್ಲೂ ಇದ್ದದ್ದು ಇದೇ ಎಣ್ಣೆ ಎಂದೆ. ತಪ್ಪಾಯಿತು, ಕ್ಷಮಿಸಿ ಎಂದೆ.

ಇಬ್ಬರೂ ಬಂದು ಲೋಟ ನೋಡಿದರು. ಮರೀಗೌಡರು ಒಂದರಲ್ಲಿ ಬೆರಳದ್ದಿದರು, ಇನ್ನೊಂದರಲ್ಲಿ ಅದ್ದಿದರು. "ಇದು ನಂದು. ಅದು ಅವುಂದು" ಎಂದರು.

"ಅಯ್ಯೋ ಗೌಡ್ರೆ, ಈಗ್ ತಾನೇ ನಿಮ್ ಎದ್ರುಗೇ ಬಗ್ಗಿಸಿದ್ನಲ್ಲ!"

"ಬಗ್ಸುದ್ರಿ. ಕೊಪ್ಪರ್ಗೇಲಿ ತಳುದ್ದು ಗಟ್ಟಿ, ಮೇಲುಂದ್ ತೆಳ್ಳಗೆ. ಒಂದೇ ಕೊಪ್ಪರ್ಗೆ ಅಂದ್ ಮಾತ್ರುಕ್ ಒಂದೇ ಪಾಕ ಆಗ್ಬುಡ್ತದಾ?"

ಶಿವಲಿಂಗೇಗೌಡ ಲ್ಯಾಕ್ಟೋಮೀಟರ್ ಒರೆಸುತ್ತಾ, "ಆಲಲ್ ಮೇಲುಂದೇ ಗಟ್ಟಿ, ಕೆನೆ ಮೇಲ್ ತಾನೇ ನಿಲ್ಲಾದು" ಎಂದ. ಆಮೇಲೆ ಅಣ್ಣನ ಕಡೆ ತಿರುಗಿದ. "ಆದ್ರೂ ನೀ ಅನ್ನಾದ್ ಸರಿ ಕಣಣ್ಣ. ಎರಡೂ ಒಂದೇ ಅಲ್ಲ."

ಜವರಾಯಿಯ ಮೂಲಕ ಅಲ್ಲ, ನೇರವಾಗಿ! ಹನ್ನೊಂದು ವರ್ಷದ ಮೇಲೆ ತಮ್ಮನ ಬಾಯಲ್ಲಿ ಅಣ್ಣ ಎಂಬ ಮಾತು.

"ಸಾಬ್ರುಗ್ ವಯಸ್ಸಾಯ್ತು ಕಣ್ಲಾ ಶಿವಲಿಂಗು" ಎಂದರು ಮರೀಗೌಡರು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. "ಪಾಪ, ಒಳ್ಳೆ ಮನ್ಸ. ಈಗ ತಲೆ ನಿಲ್ಲಕ್ಕಿಲ್ಲ."

"ಊಂ ಕಣಣ್ಣ. ಮೊನ್ನೆ ಡೇರಿ ಮೆಟ್ಲ್ ಮೇಲ್ ಕೂತ್ಕಂಡು ಒಬ್ರೇ ನಗ್ತಿದ್ರು, ಆವತ್ತೇ ಅನ್ಕಂಡೆ." ಅದು ಮೊನ್ನೆಯಲ್ಲ, ಆರು ವರ್ಷದ ಹಿಂದಿನದು. ಹೇಳಿ ಏನು ಪ್ರಯೋಜನ?

ಇಬ್ಬರೂ ನನ್ನ ಬೆಂಚಿನ ಮೇಲೆ ಅಕ್ಕಪಕ್ಕ ಕೂತರು. ನನ್ನ ತಲೆ ಕೆಟ್ಟ ವಿಷಯದಿಂದ ಮಾತು ಅಪ್ಪನಿಗೆ ಹೋಯಿತು, ಅಪ್ಪನಿಂದ ಚಿಕ್ಕಂದಿನಲ್ಲಿ ಈಜು ಕಲಿತ ಬಾವಿಗೆ ಹೋಯಿತು, ಇಬ್ಬರೂ ನಕ್ಕರು. ಎರಡು ಮನೆ ಒಂದಾದರೆ ಸಾಕು, ಹುಚ್ಚನೆನಿಸಿಕೊಂಡರೂ ಚಿಂತೆಯಿಲ್ಲ ಎಂದು ನನಗೆ ಸಂತೋಷವೇ ಆಯಿತು. ಆಗ ಮರೀಗೌಡರು ಹೇಳಿದರು.

"ಇನ್ ಸಾಬ್ರೂ ಇರಕ್ಕಿಲ್ಲ. ಈ ಅಳೇ ಲಾರಿ ಇಟ್ಕಂಡ್ ಏನ್ ಮಾಡವ? ಮಾರ್ಬುಡವೇನ್ಲಾ?"

"ನೀ ಊಂ ಅಂದ್ರೆ ನಾನೂ ಊಂ ಕಣಣ್ಣ. ಮಳವಳ್ಳೀಲಿ ಒಬ್ಬ ಕೇಳ್ತಾನೂ ಅವ್ನೆ."

ಆಗ ನನಗೆ ಹೊಳೆಯಿತು. ಹನ್ನೊಂದು ವರ್ಷ ಆ ಲಾರಿ ಓಡಿದ್ದು ನನ್ನ ಎಣ್ಣೆಯಿಂದಲ್ಲ, ಇವರ ಜಗಳದಿಂದ. ಅದನ್ನು ಜವರಾಯಿ ಬಲ್ಲವನಾಗಿದ್ದ, ನಾನು ಬಲ್ಲವನಾಗಿರಲಿಲ್ಲ. ತಿರುಗಿ ನೋಡಿದೆ. ಜವರಾಯಿ ಲಾರಿಯ ಬಾಗಿಲು ಹಿಡಿದುಕೊಂಡು ನಿಂತಿದ್ದ. ಯಾ ಅಲ್ಲಾ, ಇದೇನು ಮಾಡಿಬಿಟ್ಟೆ ಎಂದುಕೊಂಡೆ. ಏನಾದರೂ ಹೇಳೋಣವೆಂದರೆ, ತಲೆ ಕೆಟ್ಟವನ ಮಾತು ಯಾರು ಕೇಳುತ್ತಾರೆ?

ಜವರಾಯಿ ನಿಧಾನಕ್ಕೆ ಕ್ಯಾಬಿನ್ನಿಗೆ ಹತ್ತಿ, ಸೀಟಿನ ಹಿಂದಿನಿಂದ ಎರಡೂ ಕ್ಯಾನು ಇಳಿಸಿಕೊಂಡ. ಬಲಗೈಯಲ್ಲಿ ಕೆಂಪು ಮುಚ್ಚಳದ್ದು, ಎಡಗೈಯಲ್ಲಿ ನೀಲಿ ಮುಚ್ಚಳದ್ದು. ಬೆಂಚಿನ ಮುಂದೆ ಬಂದು ನಿಂತು, ತಲೆ ತಗ್ಗಿಸಿ ಕೇಳಿದ.

"ಗಿರಾಕಿ ಬಂದು ಸ್ಟಾರ್ಟ್ ಮಾಡ್ಸಿ ನೋಡ್ತಾನಲ್ಲ ಗೌಡ್ರೆ. ಇಂಜಿನ್ ಚೆಂದಾಗ್ ಕೇಳುಸ್ಬೇಕು. ಯಾರ್ ಎಣ್ಣೆ ಉಯ್ಲಿ?"

"ನಂದು" ಎಂದರು ಇಬ್ಬರೂ, ಒಟ್ಟಿಗೆ.



"ಅವನ್ ನೀರೆಣ್ಣೆ ಆಕುದ್ರೆ ಇಂಜಿನ್ ಕಟಕಟ ಅಂತದೆ, ಗಿರಾಕಿ ಓಡೋಯ್ತನೆ" ಎಂದರು ಮರೀಗೌಡರು.

"ಅವನ್ ಗಸಿ ಆಕುದ್ರೆ ಸ್ಟಾರ್ಟೇ ಆಗಕ್ಕಿಲ್ಲ! ಅಪ್ಪನ್ ಲಾರಿ ಅರ್ಧ ಸಾಯ್ಸಿದ್ದೇ ಅದು!"

"ಯಾವೋನ್ಲಾ ಸಾಯ್ಸಿದ್ದು? ಮಾದಪ್ಪನ್ನ ಲೈಟ್ ಮೇಲ್ ಅಂಟ್ಸುದ್ ಯಾವೋನು?"

ಬೆಂಚು ಮಗುಚಿತು. ಹತ್ತು ಎಣಿಸುವುದರೊಳಗೆ ಇಬ್ಬರೂ ಹತ್ತು ಮಾರು ದೂರ ನಿಂತಿದ್ದರು.

"ಜವರಾಯಿ! ಮಾರಕ್ಕಿಲ್ಲ ಅಂತ ಯೋಳ್ಲಾ ಅವುನ್ಗೆ!"

"ಚಿಕ್ಕಗೌಡ್ರೆ, ಮಾರಕ್ಕಿಲ್ಲ ಅಂತೆ."

"ನಾನೂ ಮಾರಕ್ಕಿಲ್ಲ ಅಂತ ಯೋಳು!"

"ದೊಡ್ಡಗೌಡ್ರೆ, ಅವ್ರೂ ಮಾರಕ್ಕಿಲ್ವಂತೆ."

ಮರೀಗೌಡರು ಕೆಂಪು ಮುಚ್ಚಳದ ಎಣ್ಣೆಯನ್ನು ತಾವೇ ಮುಂದೆ ನಿಂತು ಹಾಕಿಸಿ, ಮೋಟಾರ್ ಬೈಕು ಹತ್ತಿ ಹೋದರು. ಶಿವಲಿಂಗೇಗೌಡ ಬಸ್ ಸ್ಟಾಂಡಿಗೆ ನಡೆದ. ಜವರಾಯಿ ಖಾಲಿ ಕ್ಯಾನನ್ನು ತಂದು ಡ್ರಮ್ಮಿನ ಕೆಳಗಿಟ್ಟು, ನನ್ನ ಮುಖ ನೋಡದೆ, ತಾನೇ ನಲ್ಲಿ ತಿರುಗಿಸಿ ತುಂಬಿಕೊಂಡ. ಮುಚ್ಚಳ ಬಿಗಿಮಾಡಿದ. ಲಾರಿ ಹತ್ತಿ ಸ್ಟಾರ್ಟ್ ಮಾಡಿ, ಒತ್ತಡದ ಮುಳ್ಳು ಏರಿ ನಿಲ್ಲುವವರೆಗೆ ಕಾದ. ಆಮೇಲೆ ಕಿಟಕಿಯಿಂದ ತಲೆ ಆಚೆ ಹಾಕಿದ. ಕಣ್ಣು ಕೆಂಪಗಿತ್ತು.

"ಅಣ್ಣ," ಎಂದ. "ಇನ್ಮೇಲ್ ನಿಜ ಯೋಳ್ಬೇಕು ಅಂತ ಅನ್ಸುದ್ರೆ, ಎಷ್ಟೊತ್ತಾರ ಆಗ್ಲಿ ಪೋನ್ ಮಾಡಿ. ಬಂದು ನಾನ್ ಒಬ್ನೇ ಕೇಳುಸ್ಕಂಡ್ ಓಯ್ತೀನಿ."